ಡಿಸೆಂಬರ್ ಮಕ್ಕಳ ಟ್ರೈನರ್

ಅವರು ಮಕ್ಕಳ ಹೆಸರನ್ನು ಮೊದಲು ಕೇಳುತ್ತಿರಲಿಲ್ಲ. ಹುಟ್ಟಿದ ತಿಂಗಳನ್ನು ಕೇಳುತ್ತಿದ್ದರು. ಜರ್ಮನಿಯ ಮ್ಯಾನ್‌ಹೈಮಿನ ನಮ್ಮ ಐಸ್ ಹಾಕಿ ಕ್ಲಬ್ಬಿಗೆ ಮಗುವನ್ನು ಸೇರಿಸಲು ಬಂದ ತಂದೆತಾಯಿ ಫಾರ್ಮು, ಫೋಟೋ, ಡಾಕ್ಟರ ಚೀಟಿ ಎಲ್ಲವನ್ನೂ ಹಿಡಿದು ನಿಂತಿದ್ದರೆ, ಈ ಮನುಷ್ಯ ಆ ಕಾಗದಗಳ ಕಡೆ ಕಣ್ಣೂ ಹಾಯಿಸದೆ ಮಗುವಿನ ಮುಂದೆ ಮಂಡಿಯೂರಿ, ಸ್ಕೇಟಿನ ಲೇಸು ಬಿಗಿಯುತ್ತ, "ಯಾವ ತಿಂಗಳು?" ಎನ್ನುತ್ತಿದ್ದರು. ಜನವರಿ ಫೆಬ್ರವರಿ ಅಂದರೆ "ಸರಿ" ಎಂದಷ್ಟೇ ಹೇಳಿ ಏಳುತ್ತಿದ್ದರು. ನವೆಂಬರ್ ಡಿಸೆಂಬರ್ ಅಂದರೆ ಮುಖ ಅರಳುತ್ತಿತ್ತು. ನನ್ನ ಮಗಳು ಶರಣ್ಯ ಆಗ ಏಳು ವರ್ಷದವಳು. ಅವಳು "ಡಿಸೆಂಬರ್" ಎಂದಾಗ ಅವಳ ಹೆಲ್ಮೆಟ್ಟಿನ ಮೇಲೆ ಬೆರಳಿನಿಂದ ಎರಡು ಸಲ ಕುಟ್ಟಿ, ಜೇಬಿನಿಂದ ಸಣ್ಣ ನೋಟ್‌ಬುಕ್ಕು ತೆಗೆದು ಪೆನ್ಸಿಲ್ಲಿನಲ್ಲಿ ಬರೆದುಕೊಂಡರು. ಪಕ್ಕದಲ್ಲೇ ನಿಂತಿದ್ದ ನಾನು ಏನೂ ಅನ್ನಲಿಲ್ಲ.

ಅವರು ತೀರಿಕೊಂಡ ಸುದ್ದಿ ಬಂದು ಎರಡು ತಿಂಗಳಾಯಿತು. ನಿವೃತ್ತರಾಗಿ ಸ್ವೀಡನ್ನಿನ ತಮ್ಮ ಊರಿಗೆ ಮರಳಿದ್ದರು. ಅಲ್ಲೇ ಒಂದು ಬೆಳಿಗ್ಗೆ ಹೃದಯ ನಿಂತಿತಂತೆ. ಕ್ಲಬ್ಬಿನ ಹಳೆಯ ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರ ಹಿಂದೊಬ್ಬರು ಮೇಣದಬತ್ತಿಯ ಚಿತ್ರ ಹಾಕಿದರು. ನಾನು ಮೂರು ಸಲ ಬರೆದೆ, ಮೂರು ಸಲ ಅಳಿಸಿದೆ. ಆ ಮನುಷ್ಯನಿಗೆ ನಾನು ಮಾಡಿದ್ದು ಒಂದು ಮೇಣದಬತ್ತಿಯಲ್ಲಿ ತೀರುವಂಥದ್ದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹಾಕಿ ಆಟಗಾರನೆಂದರೆ ಬಾಗಿಲು ತುಂಬುವಷ್ಟು ಅಗಲ ಇರುತ್ತಾನೆ ಎಂದುಕೊಂಡಿದ್ದ ನನಗೆ ಮೊದಲ ದಿನ ಇವರು ಸ್ಟೇಡಿಯಮ್ಮಿನ ವಾಚ್‌ಮನ್ ಅನಿಸಿದ್ದರು. ಅರವತ್ತರ ಆಸುಪಾಸಿನ ಸಣ್ಣ ಆಳು. ತಲೆಗೆ ಸದಾ ಒಂದು ನೀಲಿ ಉಣ್ಣೆಯ ಟೊಪ್ಪಿಗೆ, ಜುಲೈ ತಿಂಗಳ ಬೇಸಿಗೆಯಲ್ಲೂ. ಮುಂದಿನ ನಾಲ್ಕು ಹಲ್ಲು ಕಟ್ಟಿಸಿದ್ದು. ಐಸಿಗೆ ಇಳಿಯುವ ಮೊದಲು ಅವನ್ನು ಕಳಚಿ, ಕರವಸ್ತ್ರದಲ್ಲಿ ಸುತ್ತಿ, ಜಾಕೆಟ್ಟಿನ ಎದೆಜೇಬಿನಲ್ಲಿ ಇಡುತ್ತಿದ್ದರು. ಹಲ್ಲಿಲ್ಲದ ಬಾಯಲ್ಲಿ ಜರ್ಮನ್ ಮಾತಾಡಿದರೆ ನಮ್ಮಂಥವರಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ, ಮಕ್ಕಳಿಗೆ ಮಾತ್ರ ಎಲ್ಲ ತಿಳಿಯುತ್ತಿತ್ತು. ಎಲ್ಲರನ್ನೂ "ನೀನು" ಎನ್ನುತ್ತಿದ್ದರು, ಎಲ್ಲರಿಂದಲೂ ಹಾಗೇ ಕರೆಸಿಕೊಳ್ಳುತ್ತಿದ್ದರು. ನಾನೋ ಹೆಡ್‌ಮಾಸ್ತರರ ಮಗಳು. ಹಿರಿಯರಿಗೆ ಏಕವಚನ ಬಾಯಿಂದ ಹೊರಡಲೇ ಇಲ್ಲ. ಕೊನೆಗೆ "ಟ್ರೈನರ್" ಎಂದು ಕರೆದು ಪಾರಾದೆ. ಹನ್ನೆರಡು ವರ್ಷ ಹಾಗೇ ಕರೆದೆ, ಇಲ್ಲೂ ಹಾಗೇ ಕರೆಯುತ್ತೇನೆ.

ಹುಟ್ಟಿದ ತಿಂಗಳಿನ ಈ ಹುಚ್ಚು ಏನು ಅಂತ ನನಗೆ ತಿಳಿದದ್ದು ಪಾಲಕರ ಮೊದಲ ಸಭೆಯಲ್ಲಿ. ಹಾಕಿಯಲ್ಲಿ ತಂಡ ಕಟ್ಟುವುದು ಹುಟ್ಟಿದ ವರ್ಷದ ಲೆಕ್ಕದಲ್ಲಿ. ಜನವರಿಯಲ್ಲಿ ಹುಟ್ಟಿದವಳೂ ಅದೇ ವರ್ಷದ ಡಿಸೆಂಬರಿನಲ್ಲಿ ಹುಟ್ಟಿದವಳೂ ಒಂದೇ ತಂಡ. ಟ್ರೈನರ್ ಏನು ಮಾಡಿದರೆಂದರೆ, ನಮ್ಮೆಲ್ಲರ ಎದುರು ಮಕ್ಕಳನ್ನು ಎತ್ತರದ ಪ್ರಕಾರ, ಎಲ್ಲರಿಗಿಂತ ಎತ್ತರದವರು ಮೊದಲು ಬರುವಂತೆ, ಸಾಲಾಗಿ ನಿಲ್ಲಿಸಿದರು. ಆಮೇಲೆ ಹುಟ್ಟಿದ ತಿಂಗಳ ಪ್ರಕಾರ ನಿಲ್ಲಲು ಹೇಳಿದರು. ಸಾಲಿನಲ್ಲಿ ಇಬ್ಬರು ಮೂವರು ಅತ್ತಿತ್ತ ಸರಿದರು, ಅಷ್ಟೇ. "ಏಳನೆಯ ವಯಸ್ಸಿನಲ್ಲಿ ಹನ್ನೊಂದು ತಿಂಗಳು ಎಂದರೆ ದೊಡ್ಡ ಮಾತು," ಎಂದರು. "ದೊಡ್ಡವರನ್ನು ನಾವು ಜಾಣರು ಅನ್ನುತ್ತೇವೆ, ಹೆಚ್ಚು ಆಡಿಸುತ್ತೇವೆ, ಅವರು ನಿಜಕ್ಕೂ ಜಾಣರಾಗುತ್ತಾರೆ. ಸಣ್ಣವರು ಬೆಂಚಿನ ಮೇಲೆ ಕೂತು ಕೂತು ಮನೆಗೆ ಹೋಗುತ್ತಾರೆ. ನೀವು ಪ್ರತಿಭೆ ಅನ್ನುವುದು ಎಷ್ಟೋ ಸಲ ಬರೀ ಜನವರಿ." ಆಮೇಲೆ ಎತ್ತರದ ಸಾಲಿನ ಮುಂಭಾಗದಲ್ಲಿ ನಿಂತಿದ್ದು, ತಿಂಗಳ ಸಾಲಿನಲ್ಲಿ ಕೊನೆಗೆ ಹೋಗಿದ್ದ ಒಬ್ಬಳನ್ನು ಹೆಗಲು ಹಿಡಿದು ಮುಂದೆ ತಂದರು. "ಇವಳನ್ನು ನೋಡಿ. ಡಿಸೆಂಬರ್. ಆದರೂ ಹೇಗೆ ನಿಂತಿದ್ದಾಳೆ ನೋಡಿ." ಅವಳು ನನ್ನ ಮಗಳು. ಎಲ್ಲರೂ ನನ್ನ ಕಡೆ ತಿರುಗಿ ನಕ್ಕರು, ನಾನೂ ನಕ್ಕೆ.

ಈಗ ನನ್ನ ಅಪ್ಪನ ಕಥೆ ಹೇಳಬೇಕು, ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ನಮ್ಮದು ಗದಗಿನ ಕಡೆ. ಅಪ್ಪ ನಮ್ಮೂರ ಶಾಲೆಯ ಹೆಡ್‌ಮಾಸ್ತರ. ಶಾಲೆಗೆ ಮಗು ಕರೆತಂದ ತಾಯಿಗೆ ಹುಟ್ಟಿದ ತಾರೀಖು ಗೊತ್ತಿರುತ್ತಿರಲಿಲ್ಲ. "ಜೋಳ ಸೀತನಿ ಆದಾಗ್ರಿ" ಅನ್ನುತ್ತಿದ್ದಳು, ಅಂದರೆ ತೆನೆಯ ಕಾಳು ಇನ್ನೂ ಎಳೆಯದಿದ್ದಾಗ. ಅಪ್ಪ ಜೂನ್ ಒಂದು ಎಂದು ಬರೆಯುತ್ತಿದ್ದರು. ಊರಿನ ಅರ್ಧ ಜನ ಜೂನ್ ಒಂದರಂದು ಹುಟ್ಟಿದವರು. ನಾನೂ ಅವತ್ತೇ ಹುಟ್ಟಿದ್ದೇನೆ, ಪಾಸ್‌ಪೋರ್ಟಿನಲ್ಲಿ. ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿ ಸಿಕ್ಕು ಇಲ್ಲಿಯ ಕಂಪನಿ ಸೇರಿದ ಮೊದಲ ವರ್ಷ ಜೂನ್ ಒಂದಕ್ಕೆ ಆಫೀಸಿನವರು ದೊಡ್ಡ ಕೇಕು ತಂದರು. ಅದರ ಮೇಲೆ ಮೂರು ಹೆಸರು: ನನ್ನದು, ಬಿಹಾರದವನೊಬ್ಬನದು, ತೆಲಂಗಾಣದವನೊಬ್ಬನದು. "ಎಂಥ ಯೋಗಾಯೋಗ!" ಎಂದು ಜರ್ಮನರು ಚಪ್ಪಾಳೆ ತಟ್ಟಿದರು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಒಂದೇ ಚಾಕುವಿನಿಂದ ಕೇಕು ಕತ್ತರಿಸಿದೆವು.

ಇದು ನಗುವ ಮಾತು. ಶರಣ್ಯಳದು ಹಾಗಲ್ಲ. ಅವಳು ಹುಟ್ಟಿದ್ದು ತವರಿನಲ್ಲಿ, ಸಂಕ್ರಾಂತಿ ಕಳೆದು ಐದನೆಯ ದಿನ, ಜನವರಿಯಲ್ಲಿ. ನಾನು ಬಾಣಂತನ ಮುಗಿಸಿ ಕೆಲಸಕ್ಕೆ ಓಡಿದೆ. ಜನನ ನೋಂದಣಿ ಮಾಡಿಸುವುದನ್ನು ಅಪ್ಪ ಮಾಡಿಸಿರುತ್ತಾರೆ ಅಂತ ನಾನು, ಅಳಿಯ ಮಾಡಿಸಿರುತ್ತಾನೆ ಅಂತ ಅಪ್ಪ. ವರ್ಷ ತುಂಬುತ್ತ ಬಂದಾಗ ನೆನಪಾಯಿತು. ಇಷ್ಟು ತಡವಾದರೆ ಅಫಿಡವಿಟ್ಟು, ಕಚೇರಿ, ಅಲೆದಾಟ. ಅಪ್ಪನ ಹಳೆಯ ವಿದ್ಯಾರ್ಥಿ ಅದೇ ಕಚೇರಿಯಲ್ಲಿ ಗುಮಾಸ್ತ. ಡಿಸೆಂಬರ್ ಒಂಬತ್ತಕ್ಕೆ ಮಗು ಹುಟ್ಟಿದೆ ಎಂದು ಬರೆಸಿ, ಹೊಸ ಕೂಸಿನ ಹಾಗೆ ಪತ್ರ ಮಾಡಿಸಿ ತಂದರು. ನಾನು ಫೋನಿನಲ್ಲಿ ಗಾಬರಿಯಾದರೆ ಅಪ್ಪ ನಕ್ಕರು.

"ಹನ್ನೊಂದ ತಿಂಗಳ ಸಣ್ಣಾಕಿ ಆದ್ರ ಏನ್ ಗಂಟ ಹೋಗತೈತಿ? ನಾಳಿ ನೌಕರಿಗೆ ನಿಂತಾಗ ಹನ್ನೊಂದ ತಿಂಗಳ ಹೆಚ್ಚಿಗಿ ಸಿಗತೈತಿ. ಕಾಗದದ ವಯಸ್ಸ ಬ್ಯಾರೆ, ಮೈ ವಯಸ್ಸ ಬ್ಯಾರೆ. ಇದ್ರಾಗ ಯಾರಿಗೆ ಏನ್ ಲುಕ್ಸಾನ್ ಐತಿ ಹೇಳ?"

ನನಗೂ ಆಗ ಯಾರಿಗೂ ಲುಕ್ಸಾನ್ ಕಾಣಲಿಲ್ಲ. ಅಪ್ಪ ಮೋಸಗಾರರಲ್ಲ. ನೂರಾರು ಮಕ್ಕಳಿಗೆ ಮಾಡಿದ ಉಪಕಾರವನ್ನೇ ಮೊಮ್ಮಗಳಿಗೂ ಮಾಡಿದರು. ಶರಣ್ಯಗೆ ಇದನ್ನು ಯಾರೂ ಹೇಳಲಿಲ್ಲ. ಜರ್ಮನಿಗೆ ಬಂದ ಮೇಲೆ ಹೇಳುವುದು ಇನ್ನೂ ಅಪಾಯ ಅನಿಸಿತು, ಮಕ್ಕಳು ಶಾಲೆಯಲ್ಲಿ ಏನು ಬೇಕಾದರೂ ಹೇಳಿಬಿಡುತ್ತಾರೆ. ಪ್ರತಿ ವರ್ಷ ಸಂಕ್ರಾಂತಿ ಕಳೆದು ಐದನೆಯ ದಿನ ನಾನು ಹೋಳಿಗೆ ಮಾಡುತ್ತೇನೆ. "ಮಮ್ಮಿ, ಇವತ್ತು ಯಾಕೆ?" ಎಂದರೆ, "ಹಬ್ಬದ ದಿನ ಆಫೀಸ್ ಇತ್ತಲ್ಲವಾ" ಅನ್ನುತ್ತೇನೆ.

ಟ್ರೈನರಿಗೆ ಒಮ್ಮೆ ಆ ಮೂರು ಹೆಸರಿನ ಕೇಕಿನ ಕಥೆ ಹೇಳಿದ್ದೆ. ಎಲ್ಲರೂ ನಗುವ ಕಡೆ ಅವರು ನಗಲಿಲ್ಲ. "ಹಾಗಾದರೆ ನೀನು ನಿಜಕ್ಕೂ ಹುಟ್ಟಿದ್ದು ಯಾವಾಗ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. "ಅದು ಕಷ್ಟ," ಎಂದರು. ಇನ್ನೊಮ್ಮೆ ಶರಣ್ಯಳ ಹಾಲುಹಲ್ಲು ಬಿದ್ದಾಗ, ಹಲ್ಲಿನ ವಿಷಯದಲ್ಲಿ ಅವರಿಗೆ ಇದ್ದ ವಿಶೇಷ ಆಸಕ್ತಿಯಿಂದ, ಅವಳ ಬಾಯಿ ತೆಗೆಸಿ ನೋಡಿದರು. ನಮ್ಮ ಕಡೆ ದನದ ಸಂತೆಯಲ್ಲಿ ಎತ್ತಿನ ತುಟಿ ಎತ್ತಿ ಹಲ್ಲು ಎಣಿಸುವ ದಲ್ಲಾಳಿಯ ಹಾಗೆಯೇ ನೋಡಿದರು. "ಡಿಸೆಂಬರ್ ಮಗುವಿಗೆ ಇಷ್ಟು ಬೇಗ ಇಷ್ಟೊಂದು ಹಲ್ಲು ಬಿದ್ದಿದೆಯಲ್ಲ!" ಎಂದು ಆಶ್ಚರ್ಯಪಟ್ಟರು. ಮನೆಗೆ ಹೊರಡೋಣ ಎಂದು ನಾನು ಅವಳ ಬ್ಯಾಗು ಎತ್ತಿಕೊಂಡೆ. ಅವರು ಅವಳ ಗಲ್ಲ ತಟ್ಟಿ, ಗಟ್ಟಿ ಮಗು ಎಂದು ಮೆಚ್ಚಿ ಕಳಿಸಿದರು.

ಅವರ ಈ ಡಿಸೆಂಬರ್ ಪಕ್ಷಪಾತಕ್ಕೆ ಒಂದು ಕಾರಣವಿತ್ತು. ಸ್ವತಃ ಅವರು ಡಿಸೆಂಬರಿನ ಕೊನೆಯ ವಾರದವರು, ಅದು ಒಂದು ಕಾರಣ ಹೌದು. ಆದರೆ ನಿಜವಾದ ಕಾರಣ ಅದಲ್ಲ. ಜರ್ಮನಿಗೆ ಬರುವ ಮೊದಲು ಅವರು ತಮ್ಮ ಊರಿನ ಕ್ಲಬ್ಬಿನಲ್ಲಿ ಮಕ್ಕಳನ್ನು ಆರಿಸುವ ಕೆಲಸದಲ್ಲಿದ್ದರು. ಹದಿನೈದು ವರ್ಷದ ಸಣ್ಣ ಹುಡುಗನೊಬ್ಬನನ್ನು ಸಾಲದು ಎಂದು ತೆಗೆದುಹಾಕಿದರು. ಅವನು ಡಿಸೆಂಬರಿನವನು. ಎರಡೇ ವರ್ಷದಲ್ಲಿ ಅವನು ಎಲ್ಲರಿಗಿಂತ ಎತ್ತರ ಬೆಳೆದ, ಆದರೆ ಅಷ್ಟರಲ್ಲಿ ಸ್ಕೇಟು ಮಾರಿಬಿಟ್ಟಿದ್ದ. "ಈಗ ಅವನು ಅದೇ ಕ್ರೀಡಾಂಗಣದಲ್ಲಿ ಐಸು ಸಮ ಮಾಡುವ ಗಾಡಿ ಓಡಿಸುತ್ತಾನೆ," ಎಂದು ಟ್ರೈನರ್ ನನಗೆ ಹೇಳಿದ್ದರು. "ನಾನು ಊರಿಗೆ ಹೋದಾಗಲೆಲ್ಲ ಗಾಡಿಯ ಮೇಲಿಂದ ಕೈ ಬೀಸುತ್ತಾನೆ. ಬೈದರೆ ಒಳ್ಳೆಯದಿತ್ತು."

ಕೆಲಸದಲ್ಲಿ ಅವರಿಗೆ ಅವರದೇ ರೀತಿ. ಹತ್ತು ವರ್ಷದೊಳಗಿನವರ ಆಟದಲ್ಲಿ ಗೋಲು ಎಣಿಸಲು ಬಿಡುತ್ತಿರಲಿಲ್ಲ. ಮಕ್ಕಳು ಗುಟ್ಟಾಗಿ ಎಣಿಸುತ್ತಿದ್ದರು, ಅದು ಗೊತ್ತಿದ್ದೂ ಸುಮ್ಮನಿರುತ್ತಿದ್ದರು. ಬೇಗ ಬೇಗ ಅನ್ನುವ ಪಾಲಕರಿಗೆ ಅವರ ಒಂದೇ ಉತ್ತರ: "ಕಾಯಿರಿ." ನಾನು ಒಮ್ಮೆ ರಜೆಯಿಂದ ಬರುವಾಗ ಹಾವೇರಿಯ ಏಲಕ್ಕಿ ಹಾರ ತಂದು ಹಾಕಿದೆ. ಕೊರಳಿನಲ್ಲಿ ಹಾಕಿಕೊಂಡೇ ಒಂದು ಗಂಟೆ ಪ್ರಾಕ್ಟೀಸು ಮಾಡಿಸಿದರು. ಮುಂದಿನ ವಾರ ಹಾರ ಏನಾಯಿತು ಎಂದರೆ ಒಂದು ಡಬ್ಬಿ ತುಂಬ ಬನ್ನು ಮುಂದಿಟ್ಟರು. ಅವರ ದೇಶದಲ್ಲಿ ಬನ್ನಿಗೆ ಏಲಕ್ಕಿ ಹಾಕುತ್ತಾರಂತೆ. ಸನ್ಮಾನದ ಹಾರವನ್ನು ಬಿಚ್ಚಿ, ಕುಟ್ಟಿ, ಮಕ್ಕಳಿಗೆ ತಿನ್ನಿಸಿದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ಹುಡುಗಿಯರು ಹದಿನೈದು ದಾಟುವಾಗ ಅವರ ನಿಜವಾದ ಕೆಲಸ ಶುರುವಾಗುತ್ತಿತ್ತು. ಸ್ವೀಡನ್ನಿನಲ್ಲಿ ಹೆಂಗಸರ ಲೀಗಿನಲ್ಲಿ ಆಡಿ ಹೊಟ್ಟೆ ಹೊರೆಯಬಹುದು. ಅಲ್ಲಿಗೆ ದಾರಿ ಎಂದರೆ ಅಲ್ಲಿಯ ಕ್ಲಬ್ಬುಗಳ ಜೊತೆಗಿರುವ ಶಾಲೆಗಳು: ಬೆಳಿಗ್ಗೆ ಐಸು, ಮಧ್ಯಾಹ್ನ ಪಾಠ, ಸಂಜೆ ಮತ್ತೆ ಐಸು. ಅಂಥ ಒಂದು ಶಾಲೆಯ ತಂಡವನ್ನು ನಡೆಸುತ್ತಿದ್ದವನು ಟ್ರೈನರ ಹಳೆಯ ಗೆಳೆಯ. ವರ್ಷಗಟ್ಟಲೆ ವಾದ ಮಾಡಿ, ಪ್ರತಿ ವರ್ಷ ಒಂದು ಜಾಗವನ್ನು ವರ್ಷದ ಕೊನೆಗೆ ಹುಟ್ಟಿದ ಒಬ್ಬಳಿಗೆ ಎಂದು ಬಿಡಿಸಿಕೊಂಡಿದ್ದರು. ಆ ಗೆಳೆಯ ಅದನ್ನು ಇವರ ಮಾತಿನ ಮೇಲೆ ಕೊಡುತ್ತಿದ್ದ. ಆಟ ಇವತ್ತು ಸ್ವಲ್ಪ ಕಮ್ಮಿ ಇದ್ದರೂ ಪರವಾಗಿಲ್ಲ, ಎರಡು ವರ್ಷ ಕಾದರೆ ಬರುತ್ತಾಳೆ ಎಂದು ಇವರು ಹೇಳಿದರೆ ಸಾಕಿತ್ತು.

ಹೋಗುವವರಿಗೆ ಅವರ ಮೊದಲ ಪರೀಕ್ಷೆ ಅಡುಗೆಮನೆಯಲ್ಲಿ. ಅಲ್ಲಿ ಅವ್ವ ಇರುವುದಿಲ್ಲ, ಚಳಿಗಾಲದಲ್ಲಿ ಮಧ್ಯಾಹ್ನ ಮೂರು ಗಂಟೆಗೇ ಕತ್ತಲಾಗುತ್ತದೆ, ಹಸಿದ ಹುಡುಗಿ ಅಳುತ್ತಾಳೆ, ಅತ್ತ ಹುಡುಗಿ ಆಡುವುದಿಲ್ಲ. ಅದಕ್ಕೇ ಮನೆಗೆ ಬಂದು ಕೂತು, ಅವಳೇ ಮಾಡಿದ್ದನ್ನು ಉಂಡು ಹೋಗುತ್ತಿದ್ದರು. ನಮ್ಮ ಮನೆಗೂ ಬಂದರು. ಶರಣ್ಯ ಕಡಲೆಹಿಟ್ಟಿನ ಜುಣಕ, ಅನ್ನ ಮಾಡಿದಳು. ರೊಟ್ಟಿ ನಾನು ಬಡಿದದ್ದು. ಎಲ್ಲ ಉಂಡು, ರೊಟ್ಟಿಯನ್ನು ಬೆರಳಿನಿಂದ ತೋರಿಸಿ, "ಇದು ಅವಳದಲ್ಲ," ಎಂದರು. ಹೇಗೆ ತಿಳಿಯಿತು ಎಂದು ನಾನು ಕೇಳಿದೆ. "ಇದಕ್ಕೆ ಇಪ್ಪತ್ತು ವರ್ಷ ವಯಸ್ಸಾದ ಕೈ ಬೇಕು," ಎಂದು ನಕ್ಕರು.

ಆ ವರ್ಷ ಜಾಗ ಒಂದು, ಹುಡುಗಿಯರು ಇಬ್ಬರು: ನನ್ನ ಶರಣ್ಯ ಮತ್ತು ಯೂಲೆ. ಯೂಲೆ ನವೆಂಬರ್ ಇಪ್ಪತ್ತರಂದು ಹುಟ್ಟಿದವಳು, ಗುಬ್ಬಿಯ ಹಾಗಿದ್ದಳು. ಅವಳ ತಾಯಿ ಬೇಕರಿಯಲ್ಲಿ ಕೆಲಸ ಮಾಡುವ ಒಂಟಿ ಹೆಂಗಸು. ಹೊರಗಿನ ಪಂದ್ಯಗಳಿಗೆ ನಾವಿಬ್ಬರೂ ಸರದಿಯ ಮೇಲೆ ಕಾರು ಓಡಿಸುತ್ತ ಗೆಳತಿಯರಾಗಿದ್ದೆವು. ಏಪ್ರಿಲ್ಲಿನಲ್ಲಿ ಇಬ್ಬರು ಹುಡುಗಿಯರೂ ಸ್ವೀಡನ್ನಿಗೆ ಹೋಗಿ ನಾಲ್ಕು ದಿನ ಆಡಿ ಬಂದರು. ಟ್ರೈನರ್ ಶರಣ್ಯಳನ್ನು ಆರಿಸಿದರು. ಜನನ ಪತ್ರದ ಪ್ರತಿ ಕಳಿಸಿ ಎಂದು ಅಲ್ಲಿಯ ಶಾಲೆ ಕೇಳಿತು. ಶರಣ್ಯ ಅವತ್ತು ಮನೆಯೆಲ್ಲ ಕುಣಿದಳು. ನಡುಮನೆಯ ಗೋಡೆಗೆ ಸ್ವೀಡನ್ನಿನ ನಕಾಶೆ ಅಂಟಿಸಿ, ಆ ಊರಿಗೆ ಕೆಂಪು ಪಿನ್ನು ಚುಚ್ಚಿದಳು.

ಮರುದಿನ ಯೂಲೆಯ ತಾಯಿ ಫೋನ್ ಮಾಡಿ ಅಭಿನಂದನೆ ಹೇಳಿದಳು. ಹೊಟ್ಟೆಕಿಚ್ಚಿಲ್ಲದ ಒಳ್ಳೆಯ ಹೆಂಗಸು. "ಯೂಲೆ ಸ್ಕೇಟು ಮಾರುತ್ತೇನೆ ಅನ್ನುತ್ತಿದ್ದಾಳೆ," ಎಂದಳು. "ದೊಡ್ಡವಳ ಎದುರು ಸೋತಿದ್ದರೆ ಬೆಳೆಯುವತನಕ ಕಾಯಿ ಅಂತ ಹೇಳಬಹುದಿತ್ತು. ನಿನ್ನ ಮಗಳು ಇವಳಿಗಿಂತಲೂ ಮೂರು ವಾರ ಸಣ್ಣವಳು. ಇನ್ನು ನಾನು ಏನಂತ ಸಮಾಧಾನ ಹೇಳಲಿ?"

ಸ್ಕೇಟು ಮಾರುವ ಮಾತು ಕೇಳಿ ನನಗೆ ಐಸಿನ ಗಾಡಿ ಓಡಿಸುವವನ ನೆನಪಾಯಿತು. ಯಾರಿಗೆ ಏನು ಲುಕ್ಸಾನ್ ಎಂದು ಅಪ್ಪ ಕೇಳಿದ್ದಕ್ಕೆ ಉತ್ತರ ಆ ಫೋನಿನಲ್ಲಿತ್ತು. ಗಂಡನಿಗೆ ಹೇಳಿದೆ. ನಮ್ಮ ಜರ್ಮನ್ ಪೌರತ್ವದ ಅರ್ಜಿ ಆಗ ಕಚೇರಿಯಲ್ಲಿತ್ತು, ಅದೇ ಜನನ ಪತ್ರದ ಜೊತೆ.

"ಏನ್ ತಲಿಗಿಲಿ ಕೆಟ್ಟೈತೇನು?" ಎಂದರು ಅವರು. "ಹತ್ತು ವರ್ಷ ದುಡಿದು ಇಲ್ಲೀತನ ಬಂದೀವಿ. ಈಗ ಸತ್ಯವಂತಿ ಆಗಾಕ ಹೋಗಬ್ಯಾಡ. ಬಾಯಿ ಮುಚ್ಚಿಕೊಂಡ ಕುಂದ್ರು."

ಎರಡು ದಿನ ಬಾಯಿ ಮುಚ್ಚಿಕೊಂಡಿದ್ದೆ. ಮೂರನೆಯ ದಿನ ಆಫೀಸಿನಿಂದ ನೇರ ಸ್ಟೇಡಿಯಮ್ಮಿಗೆ ಹೋದೆ. ಟ್ರೈನರ್ ಕೆಳಗಿನ ಕೋಣೆಯಲ್ಲಿ ಸ್ಕೇಟಿನ ಅಲಗು ಮಸೆಯುತ್ತಿದ್ದರು. ಮಸೆಯುವ ಯಂತ್ರದಿಂದ ಕಿಡಿ ಹಾರುತ್ತಿತ್ತು. ನಾನು ಬಾಗಿಲಲ್ಲೇ ನಿಂತು, ಆ ಸದ್ದಿನಲ್ಲಿ ಕೇಳಿಸದಿದ್ದರೆ ಒಳ್ಳೆಯದು ಅನ್ನುವ ಹಾಗೆ, "ಶರಣ್ಯ ಡಿಸೆಂಬರ್ ಅಲ್ಲ," ಎಂದೆ.

ಕೇಳಿಸಿತು. ಯಂತ್ರ ನಿಲ್ಲಿಸಿದರು.

"ಮತ್ತೆ?"

"ಜನವರಿ. ಅದೇ ವರ್ಷದ ಜನವರಿ."

ಅಪ್ಪ, ಗುಮಾಸ್ತ, ತಡವಾದ ನೋಂದಣಿ ಎಲ್ಲ ಹೇಳಿದೆ. ಅವರು ಕೈಯಲ್ಲಿದ್ದ ಸ್ಕೇಟಿನ ಅಲಗಿನ ಮೇಲೆ ಹೆಬ್ಬೆರಳ ಉಗುರು ಎಳೆಯುತ್ತ ಕೇಳಿದರು. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ.

"ಹಲ್ಲು," ಎಂದರು ಕೊನೆಗೆ. "ಆವತ್ತು ಹಲ್ಲು ನೋಡಿದಾಗಲೇ ನನಗೆ ತಿಳಿಯಬೇಕಿತ್ತು. ತಿಳಿಯುವುದು ಬೇಡವಾಗಿತ್ತು, ಅದಕ್ಕೇ ತಿಳಿಯಲಿಲ್ಲ. ಅವಳನ್ನು ತೋರಿಸಿ ನಾನು ಎಷ್ಟು ಜನರ ಎದುರು ವಾದ ಮಾಡಿದ್ದೇನೆ."

ನಾನು ಕೈ ಮುಗಿದೆ. ಪಾಸ್‌ಪೋರ್ಟು, ಪೌರತ್ವ, ನನ್ನ ಕೆಲಸ ಎಂದು ಗಡಿಬಿಡಿಯಲ್ಲಿ ಏನೇನೋ ಅಂದೆ. ಅವರು ನನ್ನ ಎರಡೂ ಕೈ ಹಿಡಿದು ಕೆಳಗಿಳಿಸಿದರು. "ಕಾಗದ ನನ್ನ ಕೆಲಸವಲ್ಲ. ನನ್ನಿಂದ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಆ ಜಾಗ ಯೂಲೆಯದು."

ನಿಜ ಹೇಳಿಬಿಡುತ್ತೇನೆ: ನನಗೆ ಬೇರೆಯೇ ಆಸೆಯಿತ್ತು. ಹೋಗಲಿ ಬಿಡು, ಇಷ್ಟು ದೂರ ಬಂದಾಗಿದೆ, ಹೋಗಿ ಆಡಲಿ ಎಂದು ಅವರು ಹೇಳುತ್ತಾರೆಂದು ಒಳಗೊಳಗೇ ನಂಬಿಕೊಂಡು ಹೋಗಿದ್ದೆ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಒಪ್ಪಿಕೊಂಡ ಪುಣ್ಯವೂ ಬೇಕಿತ್ತು, ಮಗಳಿಗೆ ಜಾಗವೂ ಬೇಕಿತ್ತು. ಅವರು ಮಾತ್ರ ಆಗಲೇ ಕಣ್ಣಲ್ಲಿ ಮುಂದಿನದನ್ನು ನೋಡುತ್ತಿದ್ದರು.

"ಹುಡುಗಿಗೆ ಗೊತ್ತಿದೆಯಾ?"

"ಇಲ್ಲ."

"ನಾನು ಅವಳಿಗೆ ಸುಳ್ಳು ಹೇಳುವುದಿಲ್ಲ. ನಿಜವನ್ನೂ ಹೇಳುವಂತಿಲ್ಲ, ಅದು ನಿನ್ನದು. ನನ್ನ ನಿರ್ಧಾರ ಎಂದಷ್ಟೇ ಹೇಳುತ್ತೇನೆ. ಮಿಕ್ಕಿದ್ದು ನೀನು ಹೇಳುತ್ತೀಯಾ?"

"ಹೇಳುತ್ತೇನೆ."

"ಯಾವಾಗ?"

"ಪೌರತ್ವ ಸಿಕ್ಕ ಮೇಲೆ. ಅಲ್ಲಿಯವರೆಗೆ ಅವಳು ಬಾಯಿಬಿಟ್ಟರೆ..."

"ಸರಿ. ಕಾಯುತ್ತೇನೆ," ಎಂದರು. ಮತ್ತೆ ಯಂತ್ರ ಹಾಕಿದರು.

ಮರುದಿನ ಪ್ರಾಕ್ಟೀಸಿನ ನಂತರ ಶರಣ್ಯಳನ್ನು ಕೂರಿಸಿಕೊಂಡು ಹೇಳಿದರಂತೆ. ಅವಳು ಕಾರಣ ಕೇಳಿದ್ದಕ್ಕೆ, "ಕಾರಣ ನಿನ್ನ ಆಟವಲ್ಲ. ಇದು ನನ್ನ ನಿರ್ಧಾರ," ಎಂದರಂತೆ. ಅವಳು ಕಾರಿನಲ್ಲಿ ಕೂತು ಬಾಗಿಲನ್ನು ಎಳೆದುಕೊಂಡ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ನೆಕ್ಕಾರ್ ನದಿಯ ಸೇತುವೆ ದಾಟಿದೆವು. ಆಮೇಲೆ ಅವಳ ಆ ಅರೆಬರೆ ಕನ್ನಡದಲ್ಲಿ, "ಮಮ್ಮಿ, ನಾನು ಕಪ್ಪು ಇದ್ದೀನಿ ಅಲ್ಲ, ಅದಕ್ಕೇ," ಎಂದಳು.

ನಾನು ಸ್ಟಿಯರಿಂಗ್ ಹಿಡಿದುಕೊಂಡಿದ್ದೆ. ಎದುರಿಗೆ ಟ್ರಾಮು ನಿಂತಿತ್ತು. "ಹಂಗಲ್ಲವಾ" ಎಂದೆ. "ಮತ್ತೆ ವರೂಮ್? ಯಾಕೆ? ಆಟ ಅಲ್ಲ ಅಂತ ಅವರೇ ಹೇಳಿದರು. ಹಾಗಾದರೆ ಏನು?" ನನ್ನ ಬಾಯಲ್ಲಿ ಉತ್ತರವಿತ್ತು. ಟ್ರಾಮು ಹೊರಟಿತು, ಹಿಂದಿನವನು ಹಾರ್ನ್ ಹಾಕಿದ, ನಾನು ಗೇರು ಹಾಕಿದೆ. ಅವತ್ತು ಹೇಳದೆ ಉಳಿದದ್ದು ಹಾಗೇ ಉಳಿಯಿತು. ಮನೆಗೆ ಹೋದವಳೇ ಅವಳು ಗೋಡೆಯ ನಕಾಶೆ ಕಿತ್ತಳು.

ಒಂದು ವರ್ಷದ ಮೇಲೆ ಪೌರತ್ವ ಸಿಕ್ಕಿತು. ಆಗ ಅವಳಿಗೆ ಪರೀಕ್ಷೆ ಇತ್ತು. ಆಮೇಲೆ ಅಪ್ಪನಿಗೆ ಕಾಯಿಲೆಯಾಯಿತು. ಅಜ್ಜನ ಮೇಲೆ ಅವಳಿಗೆ ಪ್ರಾಣ, ಸಾಯುವ ಮನುಷ್ಯನ ಮೇಲೆ ಇದನ್ನು ಹಾಕುವುದು ಹೇಗೆ? ಅಪ್ಪ ಹೋದರು. ಹೋದವರ ಮೇಲೆ ಹಾಕುವುದು ಇನ್ನೂ ಕೆಟ್ಟದು. ನೆವಕ್ಕೇನು, ಬೇಕೆಂದರೆ ದಿನಕ್ಕೊಂದು ಸಿಗುತ್ತದೆ. ಸ್ಟೇಡಿಯಮ್ಮಿನಲ್ಲಿ ಎದುರಾದಾಗಲೆಲ್ಲ ಟ್ರೈನರ್ ಏನನ್ನೂ ಕೇಳುತ್ತಿರಲಿಲ್ಲ. ಒಂದು ಕ್ಷಣ ನನ್ನ ಮುಖ ನೋಡಿ, ಉತ್ತರ ಅಲ್ಲೇ ಓದಿಕೊಂಡು, ಟೊಪ್ಪಿಗೆ ಸರಿಮಾಡಿಕೊಂಡು ಹೋಗುತ್ತಿದ್ದರು. ಯೂಲೆ ಸ್ವೀಡನ್ನಿಗೆ ಹೋದಳು, ಪ್ರತಿ ಭಾನುವಾರ ಟ್ರೈನರ್ ಅವಳಿಗೆ ಫೋನ್ ಮಾಡುತ್ತಿದ್ದರಂತೆ. ಎರಡು ವರ್ಷದಲ್ಲಿ ಒಂದು ಗೇಣು ಬೆಳೆದು, ಈಗ ಅಲ್ಲೇ ಲೀಗಿನಲ್ಲಿ ಆಡುತ್ತಾಳೆ. ಎರಡು ವರ್ಷ ಕಾದರೆ ಬರುತ್ತಾಳೆ ಎಂಬ ಟ್ರೈನರ ಮಾತು ಅವಳ ವಿಷಯದಲ್ಲಿ ನಿಜವಾಯಿತು.

ಅವರ ಬೀಳ್ಕೊಡುಗೆಯ ದಿನ ಒಂದು ಪಂದ್ಯ ಇಟ್ಟಿದ್ದರು. ಆಟ ಮುಗಿದ ಮೇಲೆ ಸಾಲಾಗಿ ನಿಂತು ಕೈ ಕೊಡುವುದು ಹಾಕಿಯ ಪದ್ಧತಿ. ಎಷ್ಟು ಜಗಳವಾಡಿದ್ದರೂ ಕೈ ಕೊಡಲೇಬೇಕು. ಅವರು ಐಸಿನ ನಡುವೆ ನಿಂತಿದ್ದರು, ಹುಡುಗಿಯರು ಒಬ್ಬೊಬ್ಬರಾಗಿ ಬಂದು ಕೈ ಕೊಟ್ಟು ತಬ್ಬಿಕೊಂಡು ಹೋಗುತ್ತಿದ್ದರು. ಶರಣ್ಯ ತನ್ನ ಸರದಿ ಬರುವ ಮೊದಲು ಸಾಲಿನಿಂದ ಸರಿದು, ಬೆಂಚಿನ ಕಡೆ ಹೋಗಿ, ಸ್ಕೇಟು ಬಿಚ್ಚತೊಡಗಿದಳು. ಎಲ್ಲರೂ ನೋಡಿದರು. ಚಾಚಿದ್ದ ಅವರ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು, ಆಮೇಲೆ ಅವಳ ಹಿಂದಿದ್ದವಳ ಕೈ ಹಿಡಿಯಿತು.

ಹೊರಗೆ ಬನ್ನು, ಕಾಫಿ ಇಟ್ಟಿದ್ದರು. ಏಲಕ್ಕಿ ವಾಸನೆ. ಅವರು ನನ್ನ ಹತ್ತಿರ ಬಂದರು. ಮೂರು ವರ್ಷದಲ್ಲಿ ಮೊದಲ ಸಲ ಕೇಳಿದರು. "ಹೇಳಿಲ್ಲ, ಅಲ್ಲವೇ?"

"ಇಲ್ಲ."

"ಅವಳು ಕೈ ಕೊಡದ್ದಕ್ಕೆ ನನಗೆ ಬೇಸರವಿಲ್ಲ. ಅವಳು ತನ್ನ ಬಗ್ಗೆಯೇ ಏನೋ ತಪ್ಪು ತಿಳಿದುಕೊಂಡಿದ್ದಾಳೆ. ಅದು ಹೆಚ್ಚು ದಿನ ಒಳಗೆ ಇರಬಾರದು."

ಬಣ್ಣದ ಮಾತನ್ನು ನಾನು ಅವರಿಗೆ ಹೇಳಿರಲಿಲ್ಲ. ಅವತ್ತೂ ಹೇಳಲಿಲ್ಲ. "ಹೇಳುತ್ತೇನೆ, ಟ್ರೈನರ್," ಎಂದೆ. ಅವರು ತಲೆಯಾಡಿಸಿ, ಒಂದು ಬನ್ನನ್ನು ಕಾಗದದಲ್ಲಿ ಸುತ್ತಿ, ಅವಳಿಗೆ ಕೊಡು ಎಂದು ನನ್ನ ಕೈಗಿಟ್ಟರು. ಅವಳು ಮುಟ್ಟುವುದಿಲ್ಲವೆಂದು ಗೊತ್ತಿತ್ತು. ದಾರಿಯಲ್ಲಿ ನಾನೇ ತಿಂದೆ.

ಶರಣ್ಯ ಆ ವರ್ಷವೇ ಆಟ ಬಿಟ್ಟಳು. ಈಗ ಸ್ಟುಟ್‌ಗಾರ್ಟಿನಲ್ಲಿ ಓದುತ್ತಿದ್ದಾಳೆ. ಅವರು ಹೋದ ಸುದ್ದಿ ಫೋನಿನಲ್ಲಿ ಹೇಳಿದಾಗ, "ಆಹ್ ಸೋ, ಹೌದಾ," ಎಂದಳು. "ಮಮ್ಮಿ, ನನಗೆ ಏನೂ ಆಗುತ್ತಿಲ್ಲ. ಅವರು ನನಗೆ ಒಳ್ಳೆಯವರಾಗಿರಲಿಲ್ಲ." ಅವರಿಗಿಂತ ಒಳ್ಳೆಯವರನ್ನು ಈ ದೇಶದಲ್ಲಿ ನಾನು ಕಂಡಿಲ್ಲ ಎಂದು ಹೇಳಲು ಹೊರಟು, ಊಟ ಆಯಿತಾ ಎಂದು ಕೇಳಿದೆ.

ಇಷ್ಟು ಬರೆದು ನಿಲ್ಲಿಸಿದ್ದೆ. ಎಲ್ಲವನ್ನೂ ಬರೆದುಬಿಟ್ಟೆನಲ್ಲ ಎಂದು ಒಂದು ರೀತಿಯ ಸಮಾಧಾನವೂ ಆಗಿತ್ತು. ಆಮೇಲೆ ನಾಚಿಕೆಯಾಯಿತು. ನನ್ನ ಮಗಳಿಗೆ ಕನ್ನಡ ಓದಲು ಬರುವುದಿಲ್ಲ. ಜಗತ್ತಿನಲ್ಲಿ ಇದನ್ನು ತಿಳಿಯಬೇಕಾದವಳು ಒಬ್ಬಳೇ, ಅವಳಿಗೆ ಓದಲಾಗದ ಅಕ್ಷರಗಳಲ್ಲೇ ನಾನು ಒಪ್ಪಿಕೊಂಡಿದ್ದೆ.

ಮೊನ್ನೆ ಶನಿವಾರ ಅವಳು ಮನೆಗೆ ಬಂದಳು. ಊಟದ ಮೇಜಿನ ಮೇಲೆ ಈ ಹಾಳೆಗಳಿದ್ದವು. ಒಂದನ್ನು ಎತ್ತಿಕೊಂಡು, ಅಕ್ಷರಗಳ ಆಕಾರ ನೋಡುತ್ತ, "ಇದು ಏನು ಬರೆದೀ?" ಎಂದಳು.

"ಟ್ರೈನರ್ ಬಗ್ಗೆ."

ಅವಳ ಮುಖ ಗಂಟಾಯಿತು. ಹಾಳೆ ಕೆಳಗಿಟ್ಟಳು. ಎದ್ದು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. "ಓದು," ಎಂದಳು. "ಒಂದು ಸಾಲು."

ನಾನು ಕನ್ನಡಕ ಹಾಕಿಕೊಂಡು ಮೊದಲ ಹಾಳೆ ಹುಡುಕಿ ಓದಿದೆ. "ಅವರು ಮಕ್ಕಳ ಹೆಸರನ್ನು ಮೊದಲು ಕೇಳುತ್ತಿರಲಿಲ್ಲ. ಹುಟ್ಟಿದ ತಿಂಗಳನ್ನು ಕೇಳುತ್ತಿದ್ದರು."

ಅವಳಿಗೆ ತನ್ನನ್ನು ಮೀರಿ ನಗು ಬಂತು. "ಶ್ಟಿಮ್ಟ್! ಹೌದು, ನನಗೂ ಕೇಳಿದ್ದರು. ನಾನು ಡಿಸೆಂಬರ್ ಅಂದೆ. ಹೆಲ್ಮೆಟ್ ಮೇಲೆ ಹೀಗೆ ಟಕ್ ಟಕ್ ಮಾಡಿದರು."

ನಾನು ಹಾಳೆ ಕೆಳಗಿಟ್ಟೆ. ಎದುರಿನ ಕುರ್ಚಿ ಎಳೆದು ಕೊಟ್ಟೆ.

"ಕುಂದ್ರವಾ ಶರೂ," ಎಂದೆ. "ಡಿಸೆಂಬರ್ ಅಲ್ಲ."